ಹಿಂಡಿನ ಬಾಲ ದಾಟುವ ತನಕ

ಅವರ ಎಡಮೊಣಕಾಲು ಸದಾ ಅಲ್ಲಾಡುತ್ತಲೇ ಇರುತ್ತಿತ್ತು. ಚಹಾ ಕುಡಿಯುವಾಗಲೂ, ಫೋನಿನಲ್ಲಿ ಮಾತಾಡುವಾಗಲೂ, ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನನ್ನು ಬೈಯುವಾಗಲೂ. ನನಗೆ ಕಾರು ಕಲಿಸಿದ ಮೇಷ್ಟ್ರು ಅವರು. ಹರಿಯಬ್ಬೆ ಕಡೆಯ ಕುರಿ ಸಾಕುವ ಮನೆತನ. ದುರ್ಗಕ್ಕೆ ಬಂದು ಡ್ರೈವಿಂಗ್ ಸ್ಕೂಲು ಇಟ್ಟಿದ್ದರು.

ನಾನೂ ಏನು ಸಮಾಧಾನದ ಹೆಂಗಸಲ್ಲ. ಆಗ ಅಮ್ಮನಿಗೆ ಡಯಾಲಿಸಿಸ್ ಶುರುವಾಗಿತ್ತು. ಭೀಮಸಮುದ್ರದಿಂದ ಬಸ್ಸಿನಲ್ಲಿ ಕರೆತಂದರೆ, ವಾಪಸ್ಸು ಹೋಗುವಾಗ ಅವಳಿಗೆ ನಿಲ್ಲಲೂ ತ್ರಾಣ ಇರುತ್ತಿರಲಿಲ್ಲ. ಬೇಗ ಕಾರು ಕಲಿಯಬೇಕಿತ್ತು. ಆಸ್ಪತ್ರೆಯೋ ಸರ್ಕಲ್ಲಿನ ಆಚೆ. ನಮ್ಮ ಸರ್ಕಲ್ಲಿನಲ್ಲಿ ಯಾರು ಮೊದಲು ಮೂತಿ ತೂರಿಸುತ್ತಾರೋ ದಾರಿ ಅವರದು. ಆಟೋ, ಬಸ್ಸು, ಅಡಿಕೆ ಮೂಟೆಯ ಟ್ರ್ಯಾಕ್ಟರು ಎಲ್ಲ ಒಟ್ಟಿಗೇ ನುಗ್ಗಿದರೆ ನನ್ನ ಗಾಡಿ ನಡುವೆಯೇ ಆಫ್ ಆಗುತ್ತಿತ್ತು.

“ಬಲಗಡೆ ನೋಡ್ರಿ! ಒಳಗಿರೋನು ಮೊದ್ಲು ಹೋಗ್ಲಿ, ಆಮೇಲೆ ನೀವು. ಕಣ್ಣೇನು ಮನೇಲಿ ಇಟ್ಟು ಬಂದೀರೇನವ್ವ?” ಎಂದು ಡ್ಯಾಶ್‌ಬೋರ್ಡಿಗೆ ಗುದ್ದುತ್ತಿದ್ದರು. ನನಗೆ ರೇಗುತ್ತಿತ್ತು. ಆದರೂ ಮರುದಿನ ಹೋಗುತ್ತಿದ್ದೆ.

ಒಮ್ಮೆ ನಾವು ಸರ್ಕಲ್ಲಿನೊಳಗೆ ತಿರುಗುತ್ತಿದ್ದಾಗ ಎಡಗಡೆಯಿಂದ ಮದುವೆ ದಿಬ್ಬಣದ ಟೆಂಪೋ ನುಗ್ಗಿತು. ಅದರ ಹಿಂದೆ ಟ್ರ್ಯಾಕ್ಟರು, ಬೈಕುಗಳು. ಮೇಷ್ಟ್ರು ತಮ್ಮ ಕಡೆಯ ಬ್ರೇಕು ಒತ್ತಿಬಿಟ್ಟರು.

“ಸಾರ್, ನಾವು ಒಳಗಿದೀವಿ. ಅವರಲ್ವಾ ನಿಲ್ಲಬೇಕಾದ್ದು?”

“ನಿಲ್ಬೇಕು. ಆದ್ರೆ ಮುಂದಿನ ಟಗರು ದಾಟಿ ಆತಲ್ಲ. ನಡುವೆ ನುಗ್ಗಿ ಹಿಂಡು ಒಡೀಬಾರ್ದು. ಒಡದ್ರೆ ಹಿಂದಿನ ಮರಿ ತಾಯಿನ ಕಾಣ್ದೆ ಅರಚ್ತಾವೆ.”

ಟ್ರಾಫಿಕ್ ಪೊಲೀಸು ಸೀಟಿ ಊದುತ್ತ ಬಂದು, “ಕಲ್ಸೋರೇ ಹಿಂಗಾದ್ರೆ ಹೆಂಗ್ರಿ?” ಎಂದು ಬೈದ. ತಪ್ಪು ಮೇಷ್ಟ್ರದೇ. ಇವರು ಕೂತೇ ಇದ್ದರು. ಅಷ್ಟು ಹೊತ್ತೂ ಆ ಮೊಣಕಾಲು ಅಲ್ಲಾಡಲಿಲ್ಲ. ಕೊನೆಯ ಬೈಕು ಹೋದ ಮೇಲೆ, “ಬಾಲ ದಾಟ್ತು. ಈಗ ಹೋಗಾಣ” ಎಂದರು. ಕಾಲು ಮತ್ತೆ ಕುಣಿಯತೊಡಗಿತು.

ಕಾರು ಕಲಿತೆ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಓಡಾಡತೊಡಗಿದೆ. ಎಲ್ಲಾದರೂ ಸಿಕ್ಕರೆ ಅವರು ಮೊದಲು ಅಮ್ಮನನ್ನು ವಿಚಾರಿಸುತ್ತಿದ್ದರು, ಆಮೇಲೆ ನನ್ನ ಗೇರಿನ ಸದ್ದಿಗೆ ಬೈಯುತ್ತಿದ್ದರು.

ಈಚೆಗೆ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಎದೆನೋವಂತೆ, ಅಲ್ಲೂ ಅವಸರ. ಅವತ್ತೇ ಅಮ್ಮನ ಡಯಾಲಿಸಿಸ್. ಮಣ್ಣಿಗೆ ಹೋದರೆ ಅಮ್ಮನ ಸರದಿ ತಪ್ಪುತ್ತದೆ, ಹೋಗದಿದ್ದರೆ ಮನಸ್ಸು ಕೇಳುವುದಿಲ್ಲ. ಚಡಪಡಿಸುತ್ತಲೇ ಆಸ್ಪತ್ರೆಗೆ ಹೊರಟೆ, ಅದೂ ತಡವಾಗಿ.

ಸರ್ಕಲ್ಲಿನಲ್ಲಿ ಅರ್ಧ ತಿರುಗಿದ್ದೆ. ಎಡಗಡೆಯಿಂದ ಹೂವು ಕಟ್ಟಿದ ವ್ಯಾನು ಒಳಗೆ ಬಂತು. ಹಿಂದೆಯೇ ಅವರ ಸ್ಕೂಲಿನ ಕಾರು, ‘ಎಲ್’ ಬೋರ್ಡನ್ನು ಯಾರೂ ತೆಗೆದಿರಲಿಲ್ಲ. ಅದರ ಹಿಂದೆ ಹರಿಯಬ್ಬೆಗೆ ಹೊರಟ ಟೆಂಪೋ, ಬೈಕುಗಳ ಸಾಲು. ನಿಯಮದ ಪ್ರಕಾರ ದಾರಿ ನನ್ನದು. ಬ್ರೇಕು ಒತ್ತಿದೆ.

ಹಿಂದಿನ ಬಸ್ಸು ಹಾರನ್ ಬಾರಿಸಿತು.

“ಟೈಮಾತಲ್ಲೇ, ನನ್ನ ಸರದಿ ಹೋಗ್ತೈತೆ” ಎಂದಳು ಅಮ್ಮ. ಆಮೇಲೆ ವ್ಯಾನು ನೋಡಿ, “ನಿಮ್ ಮೇಷ್ಟ್ರಾ?”

“ಹೂಂ.”

ಅಮ್ಮ ತಲೆಗೆ ಸೆರಗು ಹೊದ್ದು ಕೈ ಮುಗಿದಳು. “ಹಂಗಾರೆ ಹೋಗ್ಲಿ ಬಿಡು. ಕಾಯಾಣ.”

ಹಾರನ್ನುಗಳು ಹೆಚ್ಚಾದವು. ಸಾಲು ಮುಗಿಯುವಂತೆಯೇ ಇರಲಿಲ್ಲ. ನನ್ನ ಕಣ್ಣು ತುಂಬಿತ್ತು. ಬ್ರೇಕಿನ ಮೇಲಿನ ಕಾಲು ಮಾತ್ರ ಅಲ್ಲಾಡಲಿಲ್ಲ. ಕೊನೆಯ ಬೈಕು ಮುಂದೆ ಹೋಯಿತು. ಹೇಳಬೇಕಾದವರ ಸೀಟು ಖಾಲಿ ಇತ್ತು. ನಾನೇ ಹೇಳಿದೆ:

“ಬಾಲ ದಾಟ್ತು. ಈಗ ಹೋಗಾಣ.”