ಮರೆಯಿಲ್ಲದ ರಸ್ತೆ

ಆಸ್ಟಿನ್ ಹತ್ತಿರದ ನಮ್ಮೂರು ಜಾರ್ಜ್‌ಟೌನ್‌ನಿಂದ ಪೂರ್ವಕ್ಕೆ ಹೊರಟರೆ ನೆಲ ದೋಸೆ ಹಂಚಿನ ಹಾಗೆ ಚಪ್ಪಟೆ. ಕಪ್ಪು ಮಣ್ಣು, ಮೆಕ್ಕೆಜೋಳ, ಹತ್ತಿ, ನಡುವೆ ನೇರ ಟಾರು ರಸ್ತೆ. ಎದುರಿನಿಂದ ಬರುವ ಪಿಕಪ್ ಟ್ರಕ್ಕು ಚುಕ್ಕಿಯಷ್ಟಿದ್ದಾಗಲೇ ಕಾಣುತ್ತದೆ. ಅಂದರೆ ಆ ಟ್ರಕ್ಕಿನವನಿಗೆ ನಾನೂ ಅಷ್ಟೇ ದೂರದಿಂದ ಕಾಣುತ್ತೇನೆ. ಓಡುವವರು ಇಂಥ ರಸ್ತೆಯನ್ನು ಹೊಗಳುತ್ತಾರೆ. ಏರಿಲ್ಲ, ಇಳಿಜಾರಿಲ್ಲ, ಮಂಡಿಗೆ ಹಿತ ಎನ್ನುತ್ತಾರೆ. ನಾನು ಹುಡುಕುತ್ತಿದ್ದದ್ದು ಬೇರೆ. ಯಾರಿಗೂ ಕಾಣದೆ ಒಂದು ನಿಮಿಷ ಕೂರಲು ಜಾಗ.

ಬಿಡಿಸಿ ಹೇಳಿಬಿಡುತ್ತೇನೆ. ಓಡಿದರೆ ನನಗೆ ಮೂತ್ರ ನಿಲ್ಲುವುದಿಲ್ಲ. ಸೀನಿದರೂ ಅಷ್ಟೇ, ಜೋರಾಗಿ ನಕ್ಕರೂ ಅಷ್ಟೇ. ಹ್ಯೂಸ್ಟನ್‌ನಲ್ಲಿ ಆಸ್ಪತ್ರೆಯ ಟ್ರೇನಿಂಗ್ ಮಾಡುತ್ತಿದ್ದಾಗ ಮಗಳು ಹುಟ್ಟಿದಳು, ಅಂದಿನಿಂದ ಹೀಗೆ. ಇದೇನೂ ಅಪರೂಪದ ಕಾಯಿಲೆಯಲ್ಲ, ಹೆತ್ತ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಇರುತ್ತದೆ. ಅಪರೂಪವೆಂದರೆ ನಾನು ಹೆಂಗಸರ ಡಾಕ್ಟರು. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ರಿಟೈರ್ ಆಗುವವರೆಗೂ ಕ್ಲಿನಿಕ್ ನಡೆಸಿದವಳು. ಕುರ್ಚಿಯ ಅಂಚಿನಲ್ಲಿ ಕೂತು, ನೆಲ ನೋಡುತ್ತ ಇದೇ ತೊಂದರೆ ಹೇಳಿಕೊಂಡವರಿಗೆಲ್ಲ ಸೊಂಟದ ಪ್ಲಾಸ್ಟಿಕ್ ಮಾದರಿ ಕೈಯಲ್ಲಿ ಹಿಡಿದು, ಯಾವ ಸ್ನಾಯುವನ್ನು ಹೇಗೆ ಬಿಗಿ ಹಿಡಿಯಬೇಕೆಂದು ಕಲಿಸಿದ್ದೇನೆ. ಇದಕ್ಕೆಲ್ಲ ಯಾರಾದರೂ ನಾಚಿಕೊಳ್ಳುತ್ತಾರೆಯೇ ಎಂದು ಗದರಿದ್ದೂ ಉಂಟು. ಸಂಜೆ ಕಾರಿನ ಸೀಟಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಮನೆಗೆ ಬರುತ್ತಿದ್ದೆ.

ವ್ಯಾಯಾಮ ನಾನೂ ಮಾಡಿದೆ, ಸ್ವಲ್ಪ ಹಿಡಿತಕ್ಕೆ ಬಂತು, ಪೂರ್ತಿ ಬರಲಿಲ್ಲ. ಆಪರೇಷನ್ ಇದೆ, ಚೆನ್ನಾಗಿ ಮಾಡುವವರೂ ಗೊತ್ತು. ತೊಂದರೆ ಅದೇ, ಅವರೆಲ್ಲ ನನಗೆ ಗೊತ್ತಿರುವವರು. ಒಟ್ಟಿಗೆ ಊಟ ಮಾಡಿದವರ ಮುಂದೆ ಹೋಗಿ ಟೇಬಲ್ ಮೇಲೆ ಮಲಗಲು ನನ್ನಿಂದ ಆಗಲಿಲ್ಲ.

ರಿಟೈರ್ ಆಗಿ ಇಲ್ಲಿಗೆ ಶಿಫ್ಟ್ ಆದ ಮೇಲೆ, ಸಕ್ಕರೆ ಏರುತ್ತಿದೆ ಎಂದು ಓಟ ಶುರು ಮಾಡಿದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನಮ್ಮ ಕಡೆಯ ಜನವೇ ತುಂಬಿರುತ್ತಾರೆ. ನನ್ನ ಯಜಮಾನರೂ ಅಲ್ಲೇ ನಡೆಯುತ್ತಾರೆ. “ಅದೇನು ಆ ಬಯಲಿಗೆ ಹೋಗಿ ಒಬ್ಬಳೇ ಓಡ್ತೀಯ? ಇಲ್ಲೇ ಎಲ್ರೂ ಇರ್ತಾರಲ್ಲ,” ಎನ್ನುತ್ತಾರೆ. ಎಲ್ಲರೂ ಇರುತ್ತಾರೆ ಎಂದೇ ನಾನು ಹೋಗುವುದಿಲ್ಲ ಎಂದು ಅವರಿಗೆ ಇಂದಿಗೂ ಹೊಳೆದಿಲ್ಲ.

ಹಾಗಾಗಿ ನನ್ನ ಓಟದ ದಾರಿಗಳನ್ನು ಹಾಕಿಕೊಟ್ಟದ್ದು ನನ್ನ ಮೂತ್ರಕೋಶ. ಒಂದು ದಾರಿ ಹಳೆಯ ಸ್ಮಶಾನದ ಹಿಂದೆ ಹೋಗುತ್ತದೆ, ಅಲ್ಲೊಂದು ದೊಡ್ಡ ಓಕ್ ಮರವಿದೆ. ಇನ್ನೊಂದು ಹೊಸ ಮನೆಗಳು ಏಳುತ್ತಿರುವ ಕಡೆ, ಅಲ್ಲಿ ಕಟ್ಟಡದ ಕೆಲಸದವರಿಗೆಂದು ನಿಲ್ಲಿಸಿದ ಪ್ಲಾಸ್ಟಿಕ್ ಟಾಯ್ಲೆಟ್ ಇರುತ್ತದೆ. ಮನೆಗಳು ಮುಗಿದ ಹಾಗೆ ಅದನ್ನು ಮುಂದಕ್ಕೆ ಸಾಗಿಸುತ್ತಾರೆ, ನಾನೂ ಅದರ ಹಿಂದೆ ದಾರಿ ಬದಲಿಸುತ್ತೇನೆ. ಮೂರನೆಯದು ಮೆಕ್ಕೆಜೋಳದ ರಸ್ತೆ. ಬೇಸಗೆಯಲ್ಲಿ ಪೈರು ಆಳೆತ್ತರ ನಿಂತಾಗ ಅದರಷ್ಟು ಒಳ್ಳೆಯ ರಸ್ತೆ ಇಲ್ಲ, ಕಟಾವಾದ ಮೇಲೆ ಅತ್ತ ತಲೆ ಹಾಕುವುದಿಲ್ಲ. ಬಟ್ಟೆ ಯಾವಾಗಲೂ ಕಪ್ಪು. ಒಳಗಿಡುವ ಪ್ಯಾಡ್‌ಗಳನ್ನು ಪಕ್ಕದೂರು ಲಿಯಾಂಡರ್‌ವರೆಗೆ ಡ್ರೈವ್ ಮಾಡಿ ತರುತ್ತೇನೆ. ಅಲ್ಲಿ ನನ್ನನ್ನು ಯಾರೂ ಆಂಟಿ ಎಂದು ಕರೆಯುವುದಿಲ್ಲ.

ಆ ಬೇಸಗೆ ನಮ್ಮ ಮಹಡಿಯ ಕೋಣೆಗೆ ಧಾರವಾಡದ ಹುಡುಗಿಯೊಬ್ಬಳು ಬಂದಳು. ಆಸ್ಟಿನ್‌ನಲ್ಲಿ ಓದುತ್ತಿದ್ದಳು, ರಜೆಯಲ್ಲಿ ನಮ್ಮೂರಿನ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್. ಕಾಲೇಜಿನಲ್ಲಿ ಓಟಗಾರ್ತಿಯಂತೆ. ಬಂದ ಮರುದಿನವೇ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

“ಆಂಟಿ, ನಾನೂ ಬರ್ತೀನ್ರಿ.”

ಬೇಡ ಎನ್ನಲು ನೆಪ ಸಿಗಲಿಲ್ಲ. ಮೆಕ್ಕೆಜೋಳದ ರಸ್ತೆಯಲ್ಲಿ ಅವಳನ್ನು ಮುಂದೆ ಬಿಟ್ಟು, ಶೂ ದಾರ ಬಿಚ್ಚಿತು, ಕಲ್ಲು ಸಿಕ್ಕಿತು ಎಂದು ಹಿಂದೆ ಉಳಿದು ಪೈರಿನೊಳಗೆ ಹೋಗಿ ಬರುತ್ತಿದ್ದೆ. ಹುಡುಗಿಗೆ ಮಾತು ಜಾಸ್ತಿ. ಒಂದು ದಿನ ಓಡುತ್ತಲೇ ತಾಯಿಯ ವಿಷಯ ತೆಗೆದಳು.

“ನಮ್ಮವ್ವ ಎಲ್ಲಿಗೂ ಹೋಗೂದಿಲ್ರಿ ಈಗ. ಒಮ್ಮೆ ಬಸ್ಸಿನ್ಯಾಗ ಸೀರಿ ಒದ್ದಿ ಆತಂತ. ಮಾಮಾನ ಮಗಳ ಮದಿವಿ ಐತಿ, ಅದಕ್ಕೂ ಒಲ್ಲೆ ಅಂತಾಳ. ನೀವು ಡಾಕ್ಟರಲ್ರಿ, ಒಂದು ಮಾತು ಹೇಳ್ತೀರೇನು?”

ಆ ಭಾನುವಾರ ಅಡುಗೆಮನೆಯ ಟೇಬಲ್ಲಿನ ಮೇಲೆ ಫೋನ್ ಒರಗಿಸಿಟ್ಟು ಆ ತಾಯಿಯ ಜೊತೆ ವಿಡಿಯೋದಲ್ಲಿ ಮಾತಾಡಿದೆ. ಸೆರಗನ್ನು ಹೆಗಲ ಸುತ್ತ ಬಿಗಿಯಾಗಿ ಹೊದ್ದ, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕ್ಲಿನಿಕ್ಕಿನಲ್ಲಿ ಹೇಳುತ್ತಿದ್ದದ್ದನ್ನೆಲ್ಲ, ವ್ಯಾಯಾಮ, ಪ್ಯಾಡು, ಆಪರೇಷನ್ನು, ಒಂದೂ ಬಿಡದೆ ಹೇಳಿದೆ. ಕೊನೆಗೆ, “ಇದ್ರಲ್ಲಿ ನಾಚಿಕೆ ಪಡೋದು ಏನಿದೆ ಹೇಳಿ?” ಎಂದೆ.

ಆಕೆ ಸೌಜನ್ಯಕ್ಕೆ ನಕ್ಕರು. “ನಿಮಗ ಹೆಂಗ ಗೊತ್ತಾಗಬೇಕ್ರಿ ಡಾಕ್ಟರ್ರ. ನೀವು ಓಡಾಕ ಹೋಗೂ ಮಂದಿ. ಇದು ಆದವ್ರಿಗೇ ಗೊತ್ತು.”

ಹುಡುಗಿ ಪಕ್ಕದಲ್ಲಿ ಚಪಾತಿ ತಿನ್ನುತ್ತಿದ್ದಳು. ನನಗೂ ಇದೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಕಾಫಿ ಲೋಟ ಎತ್ತಿಕೊಂಡೆ.

“ನಂಗೆ ಆಗಿಲ್ಲ, ನಿಜ. ಆದ್ರೆ ಓದಿದೀನಲ್ಲಮ್ಮ, ಸಾವಿರ ಜನಾನ ನೋಡಿದೀನಿ,” ಎಂದೆ.

“ಹೌದ್ರಿ,” ಎಂದು ಫೋನ್ ಇಟ್ಟರು. ಮದುವೆಯ ಮಾತು ಎತ್ತಲೇ ಇಲ್ಲ. ಅಂದು ಇಡೀ ದಿನ ನನ್ನ ಮುಖ ನನಗೇ ನೋಡಲಾಗಲಿಲ್ಲ. ಬಟ್ಟೆ ಒದ್ದೆಯಾದ ನಾಚಿಕೆ ಮೈಗೆ ಒಗ್ಗಿಹೋಗಿತ್ತು. ಈ ನಾಚಿಕೆ ಹೊಸದು, ಒಗೆದರೆ ಹೋಗುವಂಥದ್ದಲ್ಲ.

ಕೆಲವು ವಾರಗಳಲ್ಲಿ ಮೆಕ್ಕೆಜೋಳ ಕಟಾವಾಯಿತು. ಹೊಸ ಮನೆಗಳೂ ಮುಗಿದು ಟಾಯ್ಲೆಟ್ ಯಾವ ಮೂಲೆಗೆ ಹೋಯಿತೋ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಸ್ಮಶಾನದ ಕಡೆ ಹೋಗೋಣವೆಂದರೆ ಹುಡುಗಿ ಒಪ್ಪಲಿಲ್ಲ. “ಅಲ್ಲಿ ನಾಯಿ ಅದಾವ್ರಿ, ಜ್ವಾಳದ ರಸ್ತೇನ ಛಲೋ ಐತಿ,” ಎಂದಳು. ಕಪ್ಪು ಟೈಟ್ಸ್ ಒಗೆಯಲು ಹೋಗಿತ್ತು, ನಾನು ಬೂದು ಬಣ್ಣದ್ದು ಹಾಕಿದ್ದೆ. ಆಗಲೇ ಹಿಂದಿರುಗಬೇಕಿತ್ತು.

ಅರ್ಧ ದಾರಿಯಲ್ಲಿ ಒತ್ತಡ ಬಂತು. ಎರಡೂ ಕಡೆ ಬೋಳು ಹೊಲ, ಕೂಳೆ, ಒಂದು ತಂತಿಬೇಲಿ. ಮರವಿರಲಿ, ಒಂದು ಪೊದೆಯೂ ಇಲ್ಲ. ಶೂ ದಾರದ ನೆಪ ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ಅಷ್ಟೇ. ಪ್ಯಾಡ್ ಮೀರಿ ಬಿಸಿಯಾಗಿ ಕಾಲ್ಚೀಲದವರೆಗೂ ಇಳಿಯಿತು. ಅದೇ ಸಮಯಕ್ಕೆ ಎದುರಿನಿಂದ ಟ್ರಕ್ಕೊಂದು ಬಂತು. ಮುದುಕನೊಬ್ಬ ಸ್ಟೀರಿಂಗ್ ಮೇಲಿಂದ ಎರಡು ಬೆರಳೆತ್ತಿ, ಈ ಕಡೆಯವರು ಎಲ್ಲರಿಗೂ ಮಾಡುವಂತೆ, ನಮಸ್ಕಾರ ಹೇಳಿ ಹೋದ. ನಾನೂ ಕೈ ಎತ್ತಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗಿ ತಿರುಗಿ ನೋಡಿ ನಿಂತಳು. ಮೇಲೆ ತೊಟ್ಟಿದ್ದ ಅಂಗಿ ಬಿಚ್ಚಿ ಕೊಟ್ಟಳು.

“ನಡಕ್ಕ ಕಟ್ಕೋರಿ ಆಂಟಿ.”

ಸೊಂಟಕ್ಕೆ ಕಟ್ಟಿಕೊಂಡೆ. ಇಬ್ಬರೂ ಸ್ವಲ್ಪ ದೂರ ನಡೆದೆವು. ಆಮೇಲೆ ಅವಳು ಮೆಲ್ಲಗೆ, “ಅವತ್ತ ಅವ್ವಗ ಯಾಕ ಹೇಳ್ಲಿಲ್ರಿ?” ಎಂದಳು. ಸಿಟ್ಟಿನಿಂದ ಕೇಳಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾಚಿಕೆ ಆಯ್ತು ಕಣೇ,” ಎಂದೆ. “ಅಮ್ಮಂಗೆ ಫೋನ್ ಮಾಡು.”

“ಈಗೇನ್ರಿ? ಹಿಂಗ?”

“ಈಗಲೇ. ಮನೆಗೆ ಹೋದ್ರೆ ನಾನು ಹೇಳಲ್ಲ.”

ಧಾರವಾಡದಲ್ಲಿ ಆಗ ಸಂಜೆ. ಆಕೆ ಸೊಪ್ಪು ಸೋಸುತ್ತ ಕೂತಿದ್ದರು. ಬೆವರಿದ ನನ್ನ ಮುಖ, ಹಿಂದೆ ಖಾಲಿ ಹೊಲ ಕಂಡು ಗಾಬರಿಯಾದರು. “ಏನಾತ್ರಿ?”

“ಅವತ್ತು ನಿಮಗೆ ಸುಳ್ಳು ಹೇಳಿದೆ,” ಎಂದೆ. “ನಂಗೂ ಇದೆ. ಮಗಳು ಹುಟ್ಟಿದಾಗಿಂದ. ಈಗ್ತಾನೆ ರಸ್ತೆ ಮೇಲೆ ಆಯ್ತು, ನಿಮ್ಮ ಮಗಳ ಅಂಗಿ ಸುತ್ಕೊಂಡು ನಿಂತಿದೀನಿ.”

ಸೊಪ್ಪು ಕೈಯಲ್ಲೇ ಉಳಿಯಿತು. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ.

“ನೀವು ಡಾಕ್ಟರಾಗಿ ನಿಮಗ ನಾಚಿಕಿ ಬರತೈತಿ,” ಎಂದರು. “ಮತ್ತ ನನಗ ನಾಚಿಕಿ ಯಾಕ ಅಂದ್ರೆಲ್ರಿ?”

“ತಪ್ಪಾಯ್ತು,” ಎಂದೆ. ಕ್ಲಿನಿಕ್ಕಿನ ಕುರ್ಚಿಯ ಅಂಚಿನಲ್ಲಿ ಕೂತಿದ್ದವರೆಲ್ಲ ಒಮ್ಮೆಗೇ ನೆನಪಾದರು. ಅವರಲ್ಲಿ ಒಬ್ಬರಿಗಾದರೂ ಹೇಳಬಹುದಿತ್ತು.

“ಮನಿ ದೂರ ಐತೇನ್ರಿ?” ಎಂದು ಆಕೆ ಕೇಳಿದರು.

“ಸ್ವಲ್ಪ ದೂರ.”

“ನಡೀರಿ ಹಂಗಾರ. ಫೋನ್ ಇಡಬ್ಯಾಡ್ರಿ, ನಾ ಇರ್ತೀನಿ.”

ಹುಡುಗಿ ಫೋನ್ ಹಿಡಿದು ಪಕ್ಕದಲ್ಲಿ ನಡೆದಳು. ಫೋನಿನಿಂದ ಸೊಪ್ಪು ಮುರಿಯುವ ಸದ್ದು ಕೇಳುತ್ತಿತ್ತು. ನಮ್ಮ ಬಡಾವಣೆಯ ತಿರುವಿನಲ್ಲಿ ಆಕೆ ದನಿ ತಗ್ಗಿಸಿದರು.

“ಆ ಪ್ಯಾಡ್ ಅಂದ್ರೆಲ್ರಿ ಅವತ್ತ. ರೇಷ್ಮಿ ಸೀರಿ ಉಟ್ರ ಹೊರಗ ಕಾಣಸೂದಿಲ್ಲಲ್ರಿ?”

“ಕಾಣ್ಸಲ್ಲ,” ಎಂದೆ. “ನಾನು ಮಗಳ ಧಾರೆಗೂ ಅದನ್ನ ಇಟ್ಕೊಂಡೇ ನಿಂತಿದ್ದೆ.”