ಕಾಫಿ ಹುಡುಗಿ

ಕೊಟ್ಟ ಮಾತಿಗೆ ತಪ್ಪದವಳು, ಹಸಿದು ಬಂದವರನ್ನು ಹಾಗೆಯೇ ಕಳುಹದವಳು, ಭಾನುವಾರದ ಪ್ರಾರ್ಥನೆಯನ್ನು ಬಿಡದವಳು, ಪಡೆದ ಉಪಕಾರವನ್ನು ಮರೆಯದವಳು, ಪಟ್ಟ ಅವಮಾನವನ್ನಂತೂ ಎಂದೆಂದಿಗೂ ಮರೆಯದವಳು ನಮ್ಮ ಹಿಲ್ಕಾ. ಫಿನ್ಲೆಂಡಿನ ಈ ಸರೋವರತೀರದ ಊರಿನಲ್ಲಿ ಐಸ್ ಹಾಕಿ ಆಟ ಆಡಬೇಕೆಂದು ಎಳವೆಯಲ್ಲಿ ಅವಳು ಸ್ಕೇಟು ಹೊತ್ತು ಬಂದಾಗ, ಹುಡುಗರ ತರಬೇತುದಾರ ಕಲೆವಿ ಎಲ್ಲರೆದುರು ನಕ್ಕಿದ್ದನು.

"ಹೋಗೇ ಕಾಫಿ ಹುಡುಗಿ! ಒಳಗ್ ಹೋಗಿ ಹುಡುಗ್ರಿಗೆ ಕಾಫಿ ಕಾಯ್ಸು."

ಆ ಹೆಸರು ಅವಳಿಗೆ ಅಂಟಿತು. ಅವಳು ಅದನ್ನು ಕಿತ್ತೆಸೆಯಲಿಲ್ಲ, ಸಾಕಿಕೊಂಡಳು. ದೊಡ್ಡವಳಾಗಿ ಹೆಣ್ಣುಮಕ್ಕಳ ತಂಡ ಕಟ್ಟಿದಾಗ ಅವರ ಅಂಗಿಗಳ ಬೆನ್ನಿಗೆ 'ಕಾಫಿ ಹುಡುಗಿಯರು' ಎಂದೇ ಹೊಲಿಸಿದಳು. ಆದರೆ ಸಂಜೆ ಹೊತ್ತು ಆಟದ ಹಿಮಾಂಗಣ ಇನ್ನೂ ಕಲೆವಿಯ ಹುಡುಗರದೇ. ಹುಡುಗಿಯರಿಗೆ ನಸುಕಿನ ಚಳಿಯೇ ಗತಿಯಾಗಿತ್ತು.

"ಒಂದ್ ಪಂದ್ಯ ಆಡೋಣ ಕಲೆವಿಯವ್ರೇ," ಎಂದಳು ಹಿಲ್ಕಾ. "ಗೆದ್ದೋರಿಗೆ ಸಂಜೆ. ಸೋತ ಕೋಚು ಕಾಫಿ ಕಾಯ್ಸಿ ಕೊಡ್ಬೇಕು."

"ನಂಗೆ ಹಾಲು ಜಾಸ್ತಿ ಹಾಕಮ್ಮ," ಎಂದು ಮುದುಕ ಒಪ್ಪಿದನು.

ಹುಡುಗಿಯರು ಒಂದೇ ಗೋಲಿನ ಅಂತರದಲ್ಲಿ ಗೆದ್ದರು. ಊರೆಲ್ಲ ನೋಡುತ್ತಿರಲು ಕಲೆವಿ ಕಾಫಿಯ ತಟ್ಟೆ ಹಿಡಿದು ಬಂದನು. ಹಿಲ್ಕಾ ಒಂದು ಗುಟುಕು ಕುಡಿದು ಬಟ್ಟಲನ್ನು ಮರಳಿ ಅವನತ್ತ ಚಾಚಿದಳು.

"ಆರ್ಹೋಗಿದೆ. ಹೋಗೋ ಕಾಫಿ ಹುಡುಗ, ಒಳಗ್ ಹೋಗಿ ಮತ್ತೆ ಕಾಯ್ಸ್ಕೊಂಡ್ ಬಾ."

ಅವನು ತಲೆ ತಗ್ಗಿಸಿ ಒಳಗೆ ಹೋದನು. ಎರಡನೆಯ ಬಟ್ಟಲನ್ನು ಅವಳು ಅವನನ್ನು ಎದುರಿಗೆ ನಿಲ್ಲಿಸಿಕೊಂಡೇ, ತಳ ಕಾಣುವವರೆಗೆ, ಸಾವಕಾಶವಾಗಿ ಕುಡಿದಳು.

ಅವಳ ಮನೆಯ ಒಲೆ ಆರದಿರಲಿ, ಅವಳ ಹೆಣ್ಣುಮಕ್ಕಳ ಸ್ಕೇಟಿನ ಅಲಗು ಮೊಂಡಾಗದಿರಲಿ. ಭಗವಂತನು ಹಿಲ್ಕಾಳನ್ನೂ ಅವಳ ಮನೆಮಂದಿಯನ್ನೂ ನೂರ್ಕಾಲ ಕಾಪಾಡಲಿ.