ಊಟಕ್ಕ ಯಾವಾಗ ಕುಂಡ್ರತಾರ?

ರೋಣದ ಬಸ್‌ಸ್ಟ್ಯಾಂಡ್ ಮಗ್ಗಲಕ ನಂದೊಂದು ಅಂಗಡಿ ಐತಿ. ಹಳೇ ಸಿನಿಮಾದ್ದಿರಲಿ, ಮದುವೀದಿರಲಿ, ಡಿಸ್ಕ್ ತಂದ್ರ ಫೋನಿನ್ಯಾಗ ಹಿಡಿಯೂವಂಗ ಸಣ್ಣ ಮಾಡಿ ಕೊಡತೀನಿ. ಬರೇ ಹಿಂಡಿದ್ರ ಚಿತ್ರ ಮಸಕಾಗತಾವ. ಅದಕ್ಕ ಮದುವೀದಿದ್ರ ಮೊದಲಿಗೆ ಊಟದ ಪಂಗ್ತಿ ಕತ್ತರಿಸಿ ಒಗೀತೀನಿ, ಉಳಿದದ್ದು ಕನ್ನಡಿಯಂಗ ಬರತೈತಿ. ಮಂದಿ ಉಣ್ಣೂದನ್ನ ಯಾರ ನೋಡತಾರ?

ಹೊಳೆಆಲೂರಿಂದ ಒಬ್ಬ ವಯಸ್ಸಾದಾವ ತಮ್ಮನ ಮದುವಿ ಡಿಸ್ಕ್ ತಂದಿದ್ದ. ಹೊಳಿ ಮನಿಯೊಳಗ ಬಂದಾಗ ನೆನೆದದ್ದು. ನನ್ನ ಡ್ರೈವ್ ಅದನ್ನ ಹ್ಯಾಂಗೋ ಒಂದ ಸಲ ಓದಿತು. ಪಂಗ್ತಿ ತಗದು, ಸಣ್ಣ ಮಾಡಿ, ಆತನ ಫೋನಿಗೆ ಹಾಕಿ, ಕಂಪ್ಯೂಟರಿನ್ಯಾಗಿಂದು ಅಳಿಸಿಬಿಟ್ಟೆ. ಜಾಗಾ ಬೇಕಲ್ಲ.

ಆತ ಅಲ್ಲೇ ಸ್ಟೂಲಿನ ಮ್ಯಾಲ ಕುಂತು ಕಡೀತನಕ ನೋಡಿದ. ಮತ್ತ ಮೊದಲಿಂದ ಹಚ್ಚಿದ.

"ಇವರು ಊಟಕ್ಕ ಯಾವಾಗ ಕುಂಡ್ರತಾರ್ರಿ?" ಅಂತ ಕೇಳಿದ.

"ಅದನ್ನ ತಗದೇನ್ರಿ ಯಜಮಾನ್ರ. ಕ್ವಾಲಿಟಿ ಉಳೀಲಿ ಅಂತ."

"ಅದರಾಗ ನನ್ನ ಹೇಣ್ತಿ ಹೋಳಿಗಿ ಬಡಸಾಕತ್ತಿದ್ಲ್ರಿ. ಮತ್ತೆಲ್ಲೂ ಬಂದಿಲ್ಲ ಆಕಿ. ಇದ್ದ ಫೋಟೋನೂ ಹೊಳಿಗೆ ಹೋದವು. ಈಗ ಆಕೀನೂ ಇಲ್ಲ."

ಡಿಸ್ಕ್ ಮತ್ತ ಹಾಕಿದೆ. ಒರಿಸಿದೆ, ಹಾಕಿದೆ, ಸಂಜಿತನಕ ಅದ ಕೆಲಸ. ಡ್ರೈವ್ ಗರಗರ ತಿರುಗಿತು, ಓದಲಿಲ್ಲ.

ಬೈತಾನ ಅಂತ ನಿಂತಿದ್ದೆ. ಬೈದಿದ್ರ ಚಲೋ ಆಗತಿತ್ತು. "ಚಿತ್ರ ಮಾತ್ರ ಭಾಳ ಸ್ವಚ್ಛ ಬಂದಾವ್ರಿ," ಅಂದು ಫೋನ್ ಕಿಸೇದಾಗ ಹಾಕ್ಕೊಂಡು ಬಸ್ಸಿಗೆ ಹೋದ.

ಖರೇನ ಸ್ವಚ್ಛ ಬಂದಾವ. ಬೇಕಾದ್ರ ಮದುಮಗಳ ಕೊಳ್ಳಾಗಿನ ಗುಂಡು ಎಣಿಸಬಹುದು.